ಏಳುನೂರ ಇಪ್ಪತ್ತೊಂಬತ್ತು ಜನರ ಸರ್ಕಾರ

ಲಾಸ್ ವೇಗಾಸ್ ನಗರದ ಝಗಝಗಿಸುವ ದೀಪಗಳನ್ನು ಬೆನ್ನಿಗೆ ಬಿಟ್ಟು ಹೆದ್ದಾರಿ 95ರಲ್ಲಿ ಉತ್ತರಕ್ಕೆ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲೇ ಮರುಭೂಮಿ ಎದುರಾಗುತ್ತದೆ. ಬೂದು ಬಣ್ಣದ ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಕೈ ಎತ್ತಿ ನಿಂತ ಜೋಶುವಾ ಮರ, ದೂರದಲ್ಲಿ ಬೋಳು ಬೆಟ್ಟಗಳ ಸಾಲು. ಮೈಲಿಗಟ್ಟಲೆ ಹೋದರೂ ಮನೆಯೊಂದು ಕಾಣದು. ಸುಮಾರು 300 ಕಿಲೋಮೀಟರ್ ಕ್ರಮಿಸಿದ ಮೇಲೆ ರಸ್ತೆ ಒಮ್ಮೆಲೇ ವೇಗ ತಗ್ಗಿಸುವಂತೆ ಆಜ್ಞಾಪಿಸುತ್ತದೆ. ಆಗ ಬರುವ ಊರೇ ಗೋಲ್ಡ್‌ಫೀಲ್ಡ್. ನಾಲ್ಕು ಅಂತಸ್ತಿನ ಖಾಲಿ ಹೋಟೆಲು, ಮುಚ್ಚಿದ ಅಂಗಡಿಗಳು, ಅಂಗಳದಲ್ಲಿ ತುಕ್ಕು ಹಿಡಿದ ಗಣಿ ಯಂತ್ರಗಳು. ಇವುಗಳ ನಡುವೆ ಕೋಟೆಯಂತೆ ನಿಂತ ಒಂದು ಕಲ್ಲಿನ ಕಟ್ಟಡದ ಬಾಗಿಲು ಮಾತ್ರ ಕೆಲಸದ ದಿನಗಳಲ್ಲಿ ತಪ್ಪದೆ ತೆರೆಯುತ್ತದೆ. ಅದು ಎಸ್ಮೆರಾಲ್ಡ ಕೌಂಟಿಯ ಕೋರ್ಟ್‌ಹೌಸ್.

ಕೌಂಟಿ ಎಂದರೆ ನಮ್ಮ ಜಿಲ್ಲೆಗೂ ತಾಲ್ಲೂಕಿಗೂ ನಡುವಿನ ಏನೋ ಒಂದು ಎಂದು ಸದ್ಯಕ್ಕೆ ಇಟ್ಟುಕೊಳ್ಳಬಹುದು. ಅಮೆರಿಕದ ನೆವಾಡ ರಾಜ್ಯದಲ್ಲಿ ಇಂಥವು ಹದಿನಾರು. ಎಸ್ಮೆರಾಲ್ಡದ ವಿಸ್ತೀರ್ಣ 9,000 ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕವರು 729 ಜನ. ಇಲ್ಲಿನ ಒಂದು ಸಾಧಾರಣ ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ! ಹತ್ತು ವರ್ಷ ಹಿಂದೆ, 2010ರಲ್ಲಿ, ಆ ಸಂಖ್ಯೆ 783 ಇತ್ತು.

ಇಷ್ಟು ಜನಕ್ಕೆ ಒಂದು ಪೂರ್ತಿ ಸರ್ಕಾರವೇ ಇದೆ. ರಸ್ತೆ ನೋಡಬೇಕು, ತೆರಿಗೆ ಎತ್ತಬೇಕು, ಕಳ್ಳನನ್ನು ಹಿಡಿಯಬೇಕು, ಮದುವೆಗೆ ಪರವಾನಗಿ ಕೊಡಬೇಕು, ಚುನಾವಣೆ ನಡೆಸಬೇಕು. ರಾಜಧಾನಿಯಿಂದ ಬಂದು ಕೂರುವ ಜಿಲ್ಲಾಧಿಕಾರಿ ಇಲ್ಲಿಲ್ಲ. ಆಡಳಿತ ನಡೆಸುವವರು ಮೂವರು ಕಮಿಷನರುಗಳು. ನಮ್ಮಲ್ಲಿ ಕಮಿಷನರ್ ಎಂದರೆ ಸರ್ಕಾರ ನೇಮಿಸಿದ ಅಧಿಕಾರಿ. ಅಲ್ಲಿ ಹಾಗಲ್ಲ, ನಾಲ್ಕು ವರ್ಷಕ್ಕೊಮ್ಮೆ ವೋಟು ಕೇಳಿ ಗೆದ್ದು ಬಂದವರು. ಷೆರೀಫ್ ಚುನಾಯಿತ. ಸರ್ಕಾರಿ ವಕೀಲರು ಚುನಾಯಿತರು. ಆಸ್ತಿಯ ಬೆಲೆ ಕಟ್ಟುವ ಅಸೆಸರ್, ಪತ್ರ ನೋಂದಾಯಿಸುವ ರೆಕಾರ್ಡರ್, ಸಣ್ಣ ಮೊಕದ್ದಮೆಗಳನ್ನು ತೀರ್ಮಾನಿಸುವ ಜಸ್ಟಿಸ್ ಆಫ್ ದಿ ಪೀಸ್ ಎಲ್ಲರೂ ಚುನಾಯಿತರೇ. ಕಡೆಗೆ ಕ್ಲಾರ್ಕ್ ಕೂಡ. ಕ್ಲಾರ್ಕ್ ಎಂದೊಡನೆ ಕಡತ ಹೊರುವ ಗುಮಾಸ್ತರನ್ನು ನೆನೆಯುವ ನಮಗೆ, ಆತನೋ ಆಕೆಯೋ ಜನರಿಂದ ಆರಿಸಿ ಬಂದು ಚುನಾವಣೆಗಳನ್ನು ನಡೆಸುವ ಮುಖ್ಯಾಧಿಕಾರಿ ಎಂದರೆ ನಂಬುವುದು ಕಷ್ಟ. ಜನ ಕಡಿಮೆಯಾದ್ದರಿಂದ ಇಲ್ಲಿ ಕ್ಲಾರ್ಕೇ ಖಜಾಂಚಿ, ರೆಕಾರ್ಡರೇ ಲೆಕ್ಕ ತಪಾಸಣೆಯ ಆಡಿಟರ್. ದೊಡ್ಡ ಖಟ್ಲೆಗಳ ವಿಚಾರಣೆಗೆ ಬೇಕಾದ ನ್ಯಾಯಾಧೀಶರನ್ನು ಪಕ್ಕದ ನೈ ಕೌಂಟಿಯ ಜೊತೆ ಹಂಚಿಕೊಳ್ಳಲಾಗಿದೆ.

ಗೋಲ್ಡ್‌ಫೀಲ್ಡ್ ಯಾವಾಗಲೂ ಹೀಗಿರಲಿಲ್ಲ. 1902ರ ಡಿಸೆಂಬರಿನಲ್ಲಿ ಇಲ್ಲಿ ಚಿನ್ನದ ಸುಳಿವು ಸಿಕ್ಕಿತು. ನಾಲ್ಕೈದು ವರ್ಷದಲ್ಲಿ ಊರು ಸುಮಾರು ಇಪ್ಪತ್ತು ಸಾವಿರ ಜನರಿಂದ ತುಂಬಿ, ನೆವಾಡದಲ್ಲೇ ದೊಡ್ಡ ಪಟ್ಟಣವೆನಿಸಿತು. 1906ರಲ್ಲಿ ಜೋ ಗ್ಯಾನ್ಸ್ ಮತ್ತು ಬ್ಯಾಟ್ಲಿಂಗ್ ನೆಲ್ಸನ್ ನಡುವೆ 42 ಸುತ್ತಿನ ಮುಷ್ಟಿಯುದ್ಧ ನಡೆದು ದೇಶವೇ ಇತ್ತ ತಿರುಗಿ ನೋಡಿತು. 1907ರಲ್ಲಿ ಹಾಥಾರ್ನ್ ಎಂಬ ಊರಿನಿಂದ ಕೌಂಟಿಯ ಕೇಂದ್ರ ಇಲ್ಲಿಗೆ ಬಂತು. ಅದಕ್ಕಾಗಿ ಕಟ್ಟಿದ್ದೇ ಈ ಕೋರ್ಟ್‌ಹೌಸ್. ಮುನಿಸಿಕೊಂಡ ಹಾಥಾರ್ನ್ ಬಹಳ ಕಾಲ ಕಾಯಲಿಲ್ಲ. 1911ರಲ್ಲಿ ಎಸ್ಮೆರಾಲ್ಡವನ್ನು ಒಡೆದು ಮಿನರಲ್ ಕೌಂಟಿ ರಚಿಸಿದಾಗ ಅದರ ಕೇಂದ್ರವಾಗಿ ಕೂತಿತು. ಚಿನ್ನ ಅಷ್ಟರಲ್ಲೇ ಇಳಿಮುಖವಾಗಿತ್ತು. 1913ರಲ್ಲಿ ಹಠಾತ್ ಪ್ರವಾಹ, 1923ರಲ್ಲಿ ಬೆಂಕಿ. ಊರಿನ ಬಹುಭಾಗ ಬೂದಿಯಾಯಿತು, ಕೋರ್ಟ್‌ಹೌಸ್ ಉಳಿಯಿತು. ಒಳಗೆ ನ್ಯಾಯಾಲಯದಲ್ಲಿ ಅಂದು ತರಿಸಿದ ಟಿಫನಿ ದೀಪಗಳು ಇಂದಿಗೂ ಇವೆ. ಇಪ್ಪತ್ತು ಸಾವಿರ ಜನಕ್ಕೆಂದು ಹೊಲಿಸಿದ ಅಂಗಿಯನ್ನು ಏಳುನೂರು ಜನ ತೊಟ್ಟುಕೊಂಡಂತೆ ಇದೆ ಆ ಕಟ್ಟಡ.

ಈ ಕೌಂಟಿಯ ಹಳೆಯ ಕಥೆಗಳಲ್ಲಿ ಒಂದನ್ನು ಬಿಡುವಂತಿಲ್ಲ. 1861ರಲ್ಲಿ ಎಸ್ಮೆರಾಲ್ಡ ಹುಟ್ಟಿದಾಗ ಅದರ ಕೇಂದ್ರ ಅರೋರಾ ಎಂಬ ಗಣಿಯೂರು. ಅದು ಕ್ಯಾಲಿಫೋರ್ನಿಯಕ್ಕೆ ಸೇರಿದ್ದೋ ನೆವಾಡಕ್ಕೆ ಸೇರಿದ್ದೋ ಯಾರಿಗೂ ಖಚಿತವಿರಲಿಲ್ಲ. ಕ್ಯಾಲಿಫೋರ್ನಿಯದ ಮೋನೊ ಕೌಂಟಿಯೂ ಅದನ್ನೇ ತನ್ನ ಕೇಂದ್ರವೆಂದಿತು. ಒಂದೇ ಊರಲ್ಲಿ ಎರಡು ಸರ್ಕಾರ, ಎರಡು ಕಚೇರಿ! 1863ರ ಸೆಪ್ಟೆಂಬರಿನಲ್ಲಿ ಚುನಾವಣೆ ಬಂದಾಗ ಊರಿನವರು ಎರಡೂ ಕಡೆಯ ಚುನಾವಣೆಗೆ ಹೋಗಿ ಮತ ಹಾಕಿದರು. ಗಡಿ ಅಳತೆ ಮುಗಿದು ಊರು ನೆವಾಡದ್ದೆಂದು ತೀರ್ಮಾನವಾದದ್ದು ಆಮೇಲೆ. ಅದಕ್ಕೆ ಒಂದು ವರ್ಷ ಮೊದಲು ಅರೋರಾದಲ್ಲಿ ಗಣಿ ಅಗೆದು ಏನೂ ಸಿಗದೆ ಹೊರಟುಹೋದ ಯುವಕನೊಬ್ಬ ಮುಂದೆ ಮಾರ್ಕ್ ಟ್ವೈನ್ ಎಂದು ಹೆಸರಾದ.

ಇನ್ನು ದಿನನಿತ್ಯದ ಕೆಲಸ. ಕಮಿಷನರುಗಳ ಸಭೆಯ ಕಾರ್ಯಸೂಚಿಯನ್ನು ಸಭೆಗೆ ಮೂರು ಕೆಲಸದ ದಿನ ಮುಂಚೆ, ಬೆಳಗ್ಗೆ ಒಂಬತ್ತು ಗಂಟೆಯೊಳಗೆ ಪ್ರಕಟಿಸಲೇಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ. ಸೂಚಿಯಲ್ಲಿಲ್ಲದ ವಿಷಯದ ಬಗ್ಗೆ ನಿರ್ಧಾರ ಕೈಗೊಳ್ಳುವ ಹಾಗಿಲ್ಲ. ನಾಲ್ಕು ಗೋಡೆಗಳ ನಡುವೆ ಮೂವರಲ್ಲಿ ಇಬ್ಬರು ಕೂತು ಕೌಂಟಿಯ ವಿಷಯ ಚರ್ಚಿಸಿದರೂ ಅದು ಕಾನೂನಿನ ಕಣ್ಣಿಗೆ ಸಭೆಯಾಗಿಬಿಡಬಹುದು. ಅಷ್ಟು ಚಿಕ್ಕ ಊರಿನಲ್ಲಿ ಇಬ್ಬರು ಕಮಿಷನರುಗಳು ಕಾಫಿ ಕುಡಿಯಲು ಕೂತಾಗ ಹವಾಮಾನದ ಬಗ್ಗೆಯೇ ಮಾತಾಡುವುದು ಕ್ಷೇಮ.

ಸೂಚಿಯಲ್ಲಿ ರೋಚಕವಾದದ್ದೇನೂ ಸಾಮಾನ್ಯವಾಗಿ ಇರುವುದಿಲ್ಲ. ಪಾವತಿಸಬೇಕಾದ ಬಿಲ್ಲುಗಳು. ಜಲ್ಲಿ ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರದ ರಿಪೇರಿ. ಅಗ್ನಿಶಾಮಕದ ಬಂಡಿ. ಎಸ್ಮೆರಾಲ್ಡದಲ್ಲಿ ಪುರಸಭೆ ಇರುವ ಊರು ಒಂದೂ ಇಲ್ಲ. ಗೋಲ್ಡ್‌ಫೀಲ್ಡ್, ಸಿಲ್ವರ್ ಪೀಕ್, ಡಯರ್ ಎಲ್ಲವೂ ಕೌಂಟಿಯ ಸುಪರ್ದಿಗೇ ಸೇರಿದವು. ಹಾಗಾಗಿ ಮೂವರೂ ಕೂತ ಕುರ್ಚಿಯಿಂದ ಏಳದೆಯೇ ಊರಿನ ಮಂಡಳಿಯಾಗುತ್ತಾರೆ, ಹೆಂಡದ ಪರವಾನಗಿ ಬಂದಾಗ ಅದರ ಮಂಡಳಿಯೂ ಆಗುತ್ತಾರೆ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ವೇಷ ಬದಲಿಸಿ ಬರುವಂತೆ. ಇಲ್ಲಿ ವೇಷವೂ ಬದಲಾಗುವುದಿಲ್ಲ ಅಷ್ಟೆ.

ಹಣದ ವಿಷಯ ತುಸು ವಿಚಿತ್ರ. ಕೌಂಟಿಯ ನೆಲದಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಕೇಂದ್ರ ಸರ್ಕಾರದ್ದು. ಕೇಂದ್ರದ ಭೂಮಿಗೆ ಆಸ್ತಿ ತೆರಿಗೆ ಹಾಕುವಂತಿಲ್ಲ. ಅದಕ್ಕೆ ಬದಲಾಗಿ 1976ರ ಕಾಯಿದೆಯೊಂದರಂತೆ ವಾಷಿಂಗ್ಟನ್ನಿನಿಂದ ವರ್ಷಕ್ಕೊಮ್ಮೆ ಪರಿಹಾರ ಬರುತ್ತದೆ. ಉಳಿದ ಚೂರುಪಾರು ಖಾಸಗಿ ಆಸ್ತಿಯ ತೆರಿಗೆ, ಗಣಿಗಳ ನಿವ್ವಳ ಗಳಿಕೆಯ ಮೇಲಿನ ತೆರಿಗೆಯಲ್ಲಿ ಒಂದು ಪಾಲು, ಶುಲ್ಕಗಳು. ಗಣಿ ನಡೆದ ವರ್ಷ ಕೈಯಲ್ಲಿ ಕಾಸು, ನಿಂತ ವರ್ಷ ಚಿಂತೆ.

ಗಣಿಯ ಕಥೆ ಎಲ್ಲಕ್ಕಿಂತ ಹೆಚ್ಚಾಗಿ ತಿಳಿಯುವುದು ರೆಕಾರ್ಡರ್ ಕಚೇರಿಯಲ್ಲಿ. 1872ರ ಗಣಿ ಕಾಯಿದೆ ಅಮೆರಿಕದಲ್ಲಿ ಇನ್ನೂ ಜೀವಂತ. ಕೇಂದ್ರದ ಭೂಮಿಯಲ್ಲಿ ಗೂಟ ನೆಟ್ಟು ‘ಈ ತುಂಡಿನ ಖನಿಜ ನನ್ನದು’ ಎನ್ನುವವನು ತೊಂಬತ್ತು ದಿನದೊಳಗೆ ಕೌಂಟಿಯ ರೆಕಾರ್ಡರ್ ಬಳಿ ಪತ್ರ ದಾಖಲಿಸಬೇಕು. ಹಕ್ಕು ಉಳಿಯಬೇಕಾದರೆ ಪ್ರತಿ ವರ್ಷವೂ ಮತ್ತೆ ಕಾಗದ ಕೊಡಬೇಕು. ನೂರು ವರ್ಷದ ಹಿಂದೆ ಚಿನ್ನಕ್ಕಾಗಿ ತುಂಬಿದ ಪುಟಗಳು ಈಗ ಲಿಥಿಯಂಗಾಗಿ ತುಂಬುತ್ತಿವೆ. ಮೊಬೈಲಿನ, ವಿದ್ಯುತ್ ಕಾರಿನ ಬ್ಯಾಟರಿಗೆ ಬೇಕಾದ ಹಗುರ ಲೋಹ ಅದು. ಸಿಲ್ವರ್ ಪೀಕ್‌ನಲ್ಲಿ 1960ರ ದಶಕದಿಂದಲೂ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಗದ್ದೆಯಂಥ ಕೊಳಗಳಲ್ಲಿ ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯುತ್ತಾರೆ. ಹತ್ತಿರದ ರಯೊಲೈಟ್ ರಿಜ್‌ನಲ್ಲಿ ಇನ್ನೊಂದು ಗಣಿಗೆ 2024ರ ಅಕ್ಟೋಬರಿನಲ್ಲಿ ಕೇಂದ್ರ ಅನುಮತಿ ಕೊಟ್ಟಿತು. ಆದರೆ ಟೀಮ್ಸ್ ಬಕ್‌ವೀಟ್ ಎಂಬ ಪುಟ್ಟ ಹೂಗಿಡ ಜಗತ್ತಿನಲ್ಲಿ ಅಲ್ಲಿ ಬಿಟ್ಟರೆ ಬೇರೆಲ್ಲೂ ಬೆಳೆಯುವುದಿಲ್ಲ. 2022ರಲ್ಲಿ ಅದನ್ನು ಅಳಿವಿನಂಚಿನ ಸಸ್ಯವೆಂದು ಘೋಷಿಸಲಾಗಿತ್ತು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ಗಣಿ ಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಕೌಂಟಿಗಿಲ್ಲ. ಬಂದರೆ ಲಾರಿಗಳ ಕೆಳಗೆ ನುಗ್ಗಾಗುವ ರಸ್ತೆ, ಕೆಲಸಗಾರರ ಮಕ್ಕಳಿಗೆ ಶಾಲೆ, ಅಪಘಾತಕ್ಕೆ ಆಂಬ್ಯುಲೆನ್ಸ್ ಇವುಗಳ ಹೊರೆ ಮಾತ್ರ ಇಲ್ಲಿಯವರದೇ.

ಆಂಬ್ಯುಲೆನ್ಸ್ ಎಂದರೆ ಸ್ವಯಂಸೇವಕರು. ಕೌಂಟಿಯೊಳಗೆ ಆಸ್ಪತ್ರೆ ಇಲ್ಲ. 43 ಕಿಲೋಮೀಟರ್ ಉತ್ತರದ ಟೊನೊಪಾದಲ್ಲಿ ಒಂದಿತ್ತು. 2015ರ ಆಗಸ್ಟಿನಲ್ಲಿ ಅದೂ ಮುಚ್ಚಿತು. ಎದೆನೋವೆಂದು ಫೋನು ಬಂದರೆ ಹೊಲದಲ್ಲಿದ್ದವರೋ ಅಂಗಡಿಯಲ್ಲಿದ್ದವರೋ ಕೈಯಲ್ಲಿದ್ದುದನ್ನು ಬಿಟ್ಟು ಗಾಡಿ ಹತ್ತಬೇಕು, ರೋಗಿಯನ್ನು ನೂರಾರು ಕಿಲೋಮೀಟರ್ ಒಯ್ಯಬೇಕು. ಸ್ವಯಂಸೇವಕರಿಗೂ ವಯಸ್ಸಾಗುತ್ತದೆ. ಜನಸಂಖ್ಯೆ 783ರಿಂದ 729ಕ್ಕೆ ಇಳಿಯಿತೆಂಬ ಅಂಕಿಯ ಅರ್ಥ ರಾತ್ರಿ ಎರಡು ಗಂಟೆಗೆ ಆ ಫೋನು ಬಂದಾಗ ಚೆನ್ನಾಗಿ ಆಗುತ್ತದೆ.

ಗೋಲ್ಡ್‌ಫೀಲ್ಡ್‌ನಲ್ಲಿ ಪ್ರವಾಸಿಗರು ಫೋಟೋ ತೆಗೆಯುವ ಇನ್ನೊಂದು ದೊಡ್ಡ ಕಟ್ಟಡವಿದೆ. 1907ರ ಹೈಸ್ಕೂಲು. ಕಟ್ಟಡವಿದೆ, ಹೈಸ್ಕೂಲಿಲ್ಲ, ದಶಕಗಳ ಹಿಂದೆಯೇ ಮುಚ್ಚಿಹೋಯಿತು. ಇಡೀ ಕೌಂಟಿಯಲ್ಲಿ ಇರುವುದು ಮೂರು ಪುಟ್ಟ ಶಾಲೆಗಳು: ಗೋಲ್ಡ್‌ಫೀಲ್ಡ್‌ನಲ್ಲಿ, ಸಿಲ್ವರ್ ಪೀಕ್‌ನಲ್ಲಿ, ಡಯರ್‌ನಲ್ಲಿ. ಓದು ಎಂಟನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕಾದರೆ ನೈ ಕೌಂಟಿಯ ಟೊನೊಪಾ ಹೈಸ್ಕೂಲೇ ಗತಿ. ನಮ್ಮ ರೈತರು ಕುದುರೆ ಮಸಾಲೆ ಎನ್ನುವ ಮೇವು ಬೆಳೆಯುವ ಫಿಶ್ ಲೇಕ್ ಕಣಿವೆಯ ಡಯರ್ ಹುಡುಗನಿಗೆ ಅದು ಬೆಟ್ಟ ಸುತ್ತಿ ಗಂಟೆಗೂ ಮಿಕ್ಕಿದ ಹಾದಿ. ಕತ್ತಲಿರುವಾಗಲೇ ಎದ್ದು ಹೊರಡಬೇಕು. ಶಾಲೆಗಳ ಆಡಳಿತ ಕಮಿಷನರುಗಳ ಕೈಯಲ್ಲಿಲ್ಲ, ಅದಕ್ಕೆ ಪ್ರತ್ಯೇಕ ಚುನಾಯಿತ ಮಂಡಳಿ. ನೆವಾಡದಲ್ಲಿ 1956ರಿಂದ ಕೌಂಟಿಗೊಂದೇ ಶಾಲಾ ಜಿಲ್ಲೆ. ಲಾಸ್ ವೇಗಾಸಿನ ಲಕ್ಷಾಂತರ ಮಕ್ಕಳಿಗೂ ಒಂದು ಮಂಡಳಿ, ಇಲ್ಲಿನ ಬೆರಳೆಣಿಕೆಯ ಮಕ್ಕಳಿಗೂ ಒಂದು ಮಂಡಳಿ.

ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ನಂಬಿಕೆಗೆ ಕೊರತೆ ಇರಲಾರದು ಎನಿಸಬಹುದು. 2022ರ ಜೂನಿನಲ್ಲಿ ಅದೂ ಪರೀಕ್ಷೆಗೆ ಬಂತು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೋಸವಾಯಿತೆಂಬ ಆಧಾರವಿಲ್ಲದ ಮಾತು ದೇಶದ ತುಂಬ ಹರಡಿದ್ದ ಕಾಲ. ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ ಮುಗಿದು ಯಂತ್ರ ಲೆಕ್ಕ ಹೇಳಿದ ಮೇಲೂ ಕೆಲವು ನಿವಾಸಿಗಳು ಫಲಿತಾಂಶ ಒಪ್ಪಲಾಗದು ಎಂದು ತಕರಾರು ತೆಗೆದರು. ದೃಢೀಕರಣದ ಗಡುವು ಜೂನ್ 24. ರಾಜ್ಯದ ಉಳಿದ ಕೌಂಟಿಗಳೆಲ್ಲ ಕೆಲಸ ಮುಗಿಸಿದ್ದವು. ಕಡೆಯ ದಿನ ಎಸ್ಮೆರಾಲ್ಡದ ಅಧಿಕಾರಿಗಳು ಕೂತು ಮತಪತ್ರಗಳನ್ನು ಒಂದೊಂದಾಗಿ ಕೈಯಿಂದ ಎಣಿಸಿದರು. ಒಟ್ಟು 317 ಮತಪತ್ರ, ಏಳು ಗಂಟೆಗೂ ಹೆಚ್ಚು ಹೊತ್ತು. ರಾತ್ರಿಯಾಗುವ ಹೊತ್ತಿಗೆ ಫಲಿತಾಂಶಕ್ಕೆ ಸಹಿ ಬಿತ್ತು. ಮತ ಹಾಕಿದವರು, ಎಣಿಸಿದವರು, ಅನುಮಾನಿಸಿದವರು ಎಲ್ಲರೂ ಒಬ್ಬರಿಗೊಬ್ಬರು ಮುಖಪರಿಚಯದವರೇ. ಮರುದಿನ ಅದೇ ಅಂಚೆಕಚೇರಿಯಲ್ಲಿ ಮತ್ತೆ ಎದುರಾಗಬೇಕಾದವರು.

ಗೋಲ್ಡ್‌ಫೀಲ್ಡ್‌ಗೆ ಬರುವ ಪ್ರವಾಸಿಗರು ಹೆಚ್ಚಾಗಿ ಖಾಲಿ ಹೋಟೆಲಿನ ಭೂತದ ಕಥೆ ಕೇಳಿ, ಊರಾಚೆ ಮೂತಿ ನೆಲಕ್ಕೆ ಹುಗಿದು ನಿಲ್ಲಿಸಿದ ಬಣ್ಣ ಬಣ್ಣದ ಹಳೆಯ ಕಾರುಗಳನ್ನು ನೋಡಿ ಮುಂದೆ ಹೋಗುತ್ತಾರೆ. ಕಮಿಷನರುಗಳ ಸಭೆಯ ದಿನ ಸಿಕ್ಕಿದರೆ ಕೋರ್ಟ್‌ಹೌಸಿನ ಒಳಗೂ ಹೋಗಬಹುದು. ಟಿಕೆಟ್ಟಿಲ್ಲ, ಅನುಮತಿ ಬೇಡ. ಯಾರು ಬಂದರೂ ಕೂರಬಹುದು. ಸಾರ್ವಜನಿಕರ ಮಾತಿಗೆ ಸೂಚಿಯಲ್ಲಿ ಸಮಯ ಇಡಲೇಬೇಕು. ರಸ್ತೆಯ ಗುಂಡಿ, ನೀರಿನ ಬಿಲ್ಲು, ಪಕ್ಕದ ಮನೆಯ ನಾಯಿ, ಏನು ಬೇಕಾದರೂ ಹೇಳಬಹುದು. ಅದರ ಮೇಲೆ ಅಂದೇ ನಿರ್ಧಾರ ಮಾತ್ರ ಆಗುವುದಿಲ್ಲ, ಮುಂದಿನ ಸೂಚಿಗೆ ಸೇರಬೇಕು. ಕ್ಲಾರ್ಕ್ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಮೂವತ್ತು ಕೆಲಸದ ದಿನಗಳೊಳಗೆ ಆ ನಡಾವಳಿ ಕೇಳಿದವರ ಕೈಗೆ ಸಿಗಬೇಕು. ಸಭೆ ಮುಗಿದೊಡನೆ ಡಯರ್ ಕಡೆಯವರು ಕಾರು ಹತ್ತುತ್ತಾರೆ. ಮನೆ ಸೇರಲು ದೂರದ ಹಾದಿ ಇದೆ.