ಮೊಳಕೆಯಲ್ಲಿ ಕಂಡೀತೇ ಸಿರಿ?

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ನಮ್ಮ ಹಿರಿಯರು ಹೇಳಿಬಿಟ್ಟಿದ್ದಾರೆ. ಗಾದೆಯನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ. ಆದರೆ ಮೊಳಕೆಯನ್ನು ನೋಡುವವನು ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು, ನೀವು ನಗಬಹುದು, ಅಮೆರಿಕದ ಫುಟ್‌ಬಾಲಿನಿಂದ.

ಆ ಆಟದ ಹುಚ್ಚು ಹಿಡಿಸಿದವನು ಸಿಯಾಟಲ್ ನಗರದಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ. ಅಲ್ಲಿಯ ಭಾನುವಾರ ಸಂಜೆಯ ಸೂಪರ್ ಬೌಲ್ ಪಂದ್ಯ ನಮಗೆ ಸೋಮವಾರ ಬೆಳಗಿನ ಐದು ಗಂಟೆಗೆ ಶುರುವಾಗುತ್ತದೆ. ಮೊದಲರ್ಧವನ್ನು ಮನೆಯಲ್ಲಿ ಕಾಫಿಯ ಜೊತೆಗೂ, ಉಳಿದದ್ದನ್ನು ಮುಂಬಯಿಯ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮೊಬೈಲಿನಲ್ಲೂ ನೋಡಿ ಕಚೇರಿ ಸೇರುವುದು ನನಗೆ ರೂಢಿಯಾಗಿದೆ.

ನಮ್ಮ ಫುಟ್‌ಬಾಲಿಗೂ ಅದಕ್ಕೂ ಹೆಸರಿನ ನಂಟು ಮಾತ್ರ. ಅಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಿಂದಲೇ ಆಡುತ್ತಾರೆ. ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್; ಮುಂದೆ ಓಡಿ ಅದನ್ನು ಹಿಡಿಯುವವನು ರಿಸೀವರ್. ಈ ರಿಸೀವರನನ್ನು ನೆರಳಿನಂತೆ ಹಿಂಬಾಲಿಸಿ, ಚೆಂಡು ಅವನ ಕೈ ಸೇರದಂತೆ ನೋಡಿಕೊಳ್ಳುವವನು ಎದುರು ಪಕ್ಷದ ಕಾರ್ನರ್‌ಬ್ಯಾಕ್. ಎತ್ತ ತಿರುಗಬೇಕೆಂಬುದು ರಿಸೀವರನಿಗೆ ಮೊದಲೇ ಗೊತ್ತು, ಕಾರ್ನರ್‌ಬ್ಯಾಕಿಗೆ ಗೊತ್ತಿಲ್ಲ. ಆತ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ, ಎದುರಾಳಿಯ ಸೊಂಟ ಯಾವ ಕಡೆ ಹೊರಳುತ್ತದೆಂದು ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ತಾನೂ ಹೊರಳಿ ಓಡಬೇಕು. ಐದು ಗಜ ದಾಟಿದ ಮೇಲೆ ಎದುರಾಳಿಯನ್ನು ಕೈಯಿಂದ ತಡೆದರೆ ತಪ್ಪು. ಚೆಂಡು ಗಾಳಿಯಲ್ಲಿರುವಾಗ ಎಳೆದಾಡಿದರಂತೂ, ತಪ್ಪು ನಡೆದ ಜಾಗಕ್ಕೇ ಚೆಂಡನ್ನು ಒಯ್ದು ಎದುರು ಪಕ್ಷಕ್ಕೆ ಕೊಟ್ಟುಬಿಡುತ್ತಾರೆ.

ಇಂಥ ಆಟಗಾರರನ್ನು ಕಾಲೇಜುಗಳಿಂದ ಆರಿಸಿಕೊಳ್ಳುವ ಕ್ರಮಕ್ಕೆ ‘ಡ್ರಾಫ್ಟ್’ ಎನ್ನುತ್ತಾರೆ. 1936ರಿಂದ ನಡೆದುಬಂದ ಪದ್ಧತಿ. ಈಗ 32 ತಂಡಗಳು, ಏಳು ಸುತ್ತು. ಹಿಂದಿನ ವರ್ಷ ತೀರ ಸೋತ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. ಅದಕ್ಕೆ ಮುನ್ನ ಇಂಡಿಯಾನಾಪೊಲಿಸ್ ನಗರದಲ್ಲಿ ‘ಕಂಬೈನ್’ ಎಂಬ ಪರೀಕ್ಷೆ. ಎತ್ತರ, ತೂಕ, ತೋಳಿನ ಉದ್ದ, ಜಿಗಿತ ಎಲ್ಲವನ್ನೂ ಅಳೆದು ಬರೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು 40 ಗಜದ ಓಟ. ಅದನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಎಣಿಸುತ್ತಾರೆ.

ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಉಪಕರಣ ಎಷ್ಟು ಸೂಕ್ಷ್ಮ ಎಂಬುದು ಒಂದು ಪ್ರಶ್ನೆ, ನೀನು ಅಳೆಯುತ್ತಿರುವುದು ಬೇಕಾದ ವಸ್ತುವನ್ನೇ ಎಂಬುದು ಇನ್ನೊಂದು ಪ್ರಶ್ನೆ. ನೇರ ಓಟದ ವೇಗವನ್ನು ಗಡಿಯಾರ ನಿಖರವಾಗಿ ಹೇಳುತ್ತದೆ. ಆದರೆ ಪಂದ್ಯದಲ್ಲಿ ಕಾರ್ನರ್‌ಬ್ಯಾಕ್ ನೇರವಾಗಿ 40 ಗಜ ಓಡುವುದು ಅಪರೂಪ. ನಮ್ಮಲ್ಲಿಯೂ ಗುಮಾಸ್ತೆಯ ಕೆಲಸಕ್ಕೆ ನಿಮಿಷಕ್ಕೆ 35 ಇಂಗ್ಲಿಷ್ ಪದಗಳ ಟೈಪಿಂಗ್ ಪರೀಕ್ಷೆಯುಂಟು. ಅದರಲ್ಲಿ ಗೆದ್ದವನು ತೊಡಕಿನ ಕಡತವೊಂದಕ್ಕೆ ಎಂಥ ಟಿಪ್ಪಣಿ ಬರೆದಾನೆಂಬುದನ್ನು ಯಂತ್ರ ಹೇಳಲಾರದು.

2011ರ ಡ್ರಾಫ್ಟಿನಲ್ಲಿ ರಿಚರ್ಡ್ ಷರ್ಮನ್ ಎಂಬ ಸ್ಟ್ಯಾನ್‌ಫರ್ಡ್ ಯುವಕ ಐದನೆಯ ಸುತ್ತಿನವರೆಗೂ ಕಾಯಬೇಕಾಯಿತು. ಓಟ ಸಾಧಾರಣ. ಮೊದಲು ರಿಸೀವರನಾಗಿದ್ದು, ಕಾಲೇಜಿನ ಕೊನೆಯ ಎರಡು ವರ್ಷ ಮಾತ್ರ ಕಾರ್ನರ್‌ಬ್ಯಾಕ್ ಆಗಿ ಆಡಿದವನು. ಸಿಯಾಟಲ್ ಸೀಹಾಕ್ಸ್ ತಂಡ ಆತನನ್ನು 154ನೆಯವನಾಗಿ ಆರಿಸಿತು. ತಂಡದ ತರಬೇತುದಾರ ಪೀಟ್ ಕ್ಯಾರಲ್ ಅವರಿಗೆ ಎತ್ತರದ, ಉದ್ದ ತೋಳಿನ ಕಾರ್ನರ್‌ಬ್ಯಾಕುಗಳೆಂದರೆ ಒಲವು. ಓಟದ ಆರಂಭದಲ್ಲೇ ಎದುರಾಳಿಯನ್ನು ಕೈಯಿಂದ ಅಡ್ಡಗಟ್ಟುವ ಕ್ರಮ ಅವರದು. ಆರಡಿ ಮೂರಂಗುಲದ ಷರ್ಮನ್‌ಗೆ ಅದು ಹೇಳಿ ಮಾಡಿಸಿದಂತಿತ್ತು. 2013ರಲ್ಲಿ ಎಂಟು ಸಲ ಎದುರಾಳಿಯ ಚೆಂಡನ್ನು ಕಸಿದು ಆತ ಇಡೀ ಲೀಗಿಗೆ ಮೊದಲಿಗನಾದ. ಮರುವರ್ಷ ಫೆಬ್ರವರಿಯಲ್ಲಿ ಆತನ ತಂಡ ಸೂಪರ್ ಬೌಲ್ ಗೆದ್ದಿತು.

ಇನ್ನು 2014ರ ಡ್ರಾಫ್ಟ್ ನೋಡಿ. ಜಸ್ಟಿನ್ ಗಿಲ್ಬರ್ಟ್ ಎಂಬ ಕಾರ್ನರ್‌ಬ್ಯಾಕ್ 40 ಗಜವನ್ನು 4.37 ಸೆಕೆಂಡಿನಲ್ಲಿ ಓಡಿದ್ದ. ಕ್ಲೀವ್‌ಲ್ಯಾಂಡ್ ತಂಡ ಆತನನ್ನು ಎಂಟನೆಯವನಾಗಿ ಆರಿಸಿತು. ಎರಡು ವರ್ಷ ಅಲ್ಲಿ, ಮೂರನೆಯ ವರ್ಷ ಪಿಟ್ಸ್‌ಬರ್ಗಿನಲ್ಲಿ. ಆಮೇಲೆ ಆತ ಈ ಲೀಗಿನ ಪಂದ್ಯದಲ್ಲಿ ಕಾಣಿಸಲಿಲ್ಲ. ಅದೇ ವರ್ಷ ಆಯ್ಕೆಯಾದವರು ಒಟ್ಟು 256 ಮಂದಿ. ಅವರಲ್ಲಿ ವೆಸ್ಟ್ ಅಲಬಾಮಾ ಎಂಬ ಸಣ್ಣ ಕಾಲೇಜಿನ ಮಾಲ್ಕಮ್ ಬಟ್ಲರನ ಹೆಸರಿರಲಿಲ್ಲ. ಪರೀಕ್ಷಾರ್ಥವಾಗಿ ನ್ಯೂ ಇಂಗ್ಲೆಂಡ್ ತಂಡ ಸೇರಿದ ಆತ, 2015ರ ಫೆಬ್ರವರಿ 1ರ ಸೂಪರ್ ಬೌಲಿನ ಕೊನೆಯ ಅರ್ಧ ನಿಮಿಷದಲ್ಲಿ ಚೆಂಡನ್ನು ಕಸಿದು ಪಂದ್ಯವನ್ನೇ ಗೆದ್ದುಕೊಟ್ಟ. ಸೋತ ತಂಡ ಷರ್ಮನ್‌ನ ಸಿಯಾಟಲ್; ಅವರಿಗೆ ಗೆಲ್ಲಲು ಬೇಕಾಗಿದ್ದುದು ಒಂದೇ ಗಜ! ಅಂಥದೇ ಹೂಟದೆದುರು ಬಟ್ಲರ್ ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಸೋತಿದ್ದ; ಪಂದ್ಯದಲ್ಲಿ ಅದನ್ನು ನೋಡಿದೊಡನೆ ಗುರುತಿಸಿ ಮುನ್ನುಗ್ಗಿದ. ಪೆಟ್ಟು ತಿಂದ ಪಾಠ ಹೀಗೆ ಮನಸ್ಸಿನಲ್ಲಿ ನಿಲ್ಲುವುದನ್ನು ಯಾವ ಗಡಿಯಾರ ಅಳೆದೀತು?

ಹಾಗೆಂದು ಅಳತೆಯೆಲ್ಲ ಬೊಗಳೆ ಎನ್ನುವುದು ಅನ್ಯಾಯ. 1989ರಲ್ಲಿ ಐದನೆಯವನಾಗಿ ಆಯ್ಕೆಯಾದ ಡಿಯಾನ್ ಸ್ಯಾಂಡರ್ಸ್, 2007ರಲ್ಲಿ ಹದಿನಾಲ್ಕನೆಯವನಾದ ಡ್ಯಾರೆಲ್ ರೆವಿಸ್, 2021ರಲ್ಲಿ ಒಂಬತ್ತನೆಯವನಾದ ಪ್ಯಾಟ್ರಿಕ್ ಸರ್ಟೇನ್ ಎಲ್ಲರೂ ಆರಿಸಿದವರ ಮಾತನ್ನು ಉಳಿಸಿದರು. ತೀರ ನಿಧಾನ ಓಡುವವನು ಈ ಕೆಲಸಕ್ಕೆ ಬಾರನು. ವೇಗ ಬಾಗಿಲು ದಾಟಿಸುತ್ತದೆ. ಒಳಗೆ ಬಂದ ಮೇಲೆ ಬಾಳುವುದಕ್ಕೆ ಬೇರೆ ಗುಣ ಬೇಕು, ಕಲಿಸುವ ಕೈಯೂ ಬೇಕು. ಷರ್ಮನ್ ಬೇರೊಂದು ತಂಡದ ಪಾಲಾಗಿದ್ದರೆ ಏನಾಗುತ್ತಿದ್ದನೋ ಯಾರು ಬಲ್ಲರು?

ಆದರೆ ನನ್ನ ಮನಸ್ಸಿಗೆ ನಾಟಿದ ತೊಡಕು ಇನ್ನೊಂದು. ಪೂರ್ತಿ ಬೆಳೆದ ಕಾರ್ನರ್‌ಬ್ಯಾಕನ್ನು ಕೂಡ ಅಂಕಿಗಳಿಂದ ಅಳೆಯುವುದು ಕಷ್ಟ. 2014ರ ಸೆಪ್ಟೆಂಬರಿನ ಮೊದಲ ಪಂದ್ಯದಲ್ಲಿ ಗ್ರೀನ್ ಬೇ ತಂಡದ ಆರನ್ ರಾಜರ್ಸ್ ಷರ್ಮನ್ ನಿಂತ ಬದಿಗೆ ಒಂದು ಸಲವೂ ಚೆಂಡೆಸೆಯಲಿಲ್ಲ. ಕಸಿದ ಚೆಂಡು ಸೊನ್ನೆ, ತಡೆದ ಚೆಂಡು ಸೊನ್ನೆ. ಇಡೀ ದಿನ ಬೆಂಚಿನ ಮೇಲೆ ಕೂತವನ ಲೆಕ್ಕವೂ ಅದೇ ಸೊನ್ನೆ! ಅದೇ ವರ್ಷ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ತಂಡವನ್ನು ಸೂಪರ್ ಬೌಲಿಗೆ ಒಯ್ದ ಚೆಂಡನ್ನು ಷರ್ಮನ್ ಬೆರಳ ತುದಿಯಿಂದ ತಟ್ಟಿದ, ಜೊತೆಯ ಆಟಗಾರ ಹಿಡಿದ. ಕಸಿದ ಲೆಕ್ಕ ಸೇರಿದ್ದು ಹಿಡಿದವನ ಹೆಸರಿಗೆ. ಕವರ್ ಜಾಗದಲ್ಲಿ ನಮ್ಮ ಬ್ರಿಜೇಶ್ ಪಟೇಲ್ ನಿಂತಿದ್ದಾಗ ಎದುರಾಳಿಗಳು ಓಡಲು ಹಿಂಜರಿದು ಬಿಟ್ಟ ರನ್ನುಗಳು ಯಾವ ಸ್ಕೋರು ಪುಸ್ತಕದಲ್ಲಿವೆ?

ನಮ್ಮ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಕೆಲಸಕ್ಕೆ ಒಂದರಿಂದ ಹತ್ತರವರೆಗೆ ಅಂಕ ಬೀಳುತ್ತದೆ. ಪೆನ್ಷನ್ ಮೇಜಿನಲ್ಲಿ ಹಿರಿಯರೊಬ್ಬರಿದ್ದರು. ನಿವೃತ್ತರಾಗುವವರ ಸರ್ವಿಸ್ ಪುಸ್ತಕವನ್ನು ವರ್ಷಕ್ಕೆ ಮೊದಲೇ ತೆಗೆದು, ಬಿಟ್ಟುಹೋದ ಸಹಿಗಳನ್ನು ತಾವೇ ಅಲೆದು ಹಾಕಿಸಿ, ನಿವೃತ್ತಿಯ ದಿನವೇ ಆದೇಶ ಕೈಗೆ ಸಿಗುವಂತೆ ಮಾಡುತ್ತಿದ್ದರು. ಅವರ ಮೇಜಿನಿಂದ ದೂರು ಬಂದಿಲ್ಲ, ಜ್ಞಾಪನಪತ್ರ ಬಂದಿಲ್ಲ. ಹಾಗಾಗಿ ಸಾಹೇಬರಿಗೆ ಅವರ ಹೆಸರೂ ಚೆನ್ನಾಗಿ ನೆನಪಿರಲಿಲ್ಲ. ಅಂಕ ಸಾಧಾರಣವೇ ಬರುತ್ತಿತ್ತು. ಅವರು ಹೋದ ಆರು ತಿಂಗಳಲ್ಲಿ ಅದೇ ಮೇಜಿನ ಮುಂದೆ ಮುದುಕರ ಸಾಲು ನಿಂತಿತು. ಆಗ ಎಲ್ಲರಿಗೂ ಅವರ ಹೆಸರು ನೆನಪಾಯಿತು.

ಅಮೆರಿಕದಲ್ಲಿ ಡ್ರಾಫ್ಟ್ ಮುಗಿದ ಮರುದಿನವೇ ಯಾವ ತಂಡದ ಆಯ್ಕೆ ಎಷ್ಟು ಒಳ್ಳೆಯದೆಂದು ಪತ್ರಿಕೆಗಳು ದರ್ಜೆ ಕೊಟ್ಟುಬಿಡುತ್ತವೆ. ನನ್ನ ಕೈಯಲ್ಲಿದ್ದರೆ ಮೂರು ವರ್ಷ ಕಾಯಿರಿ ಎನ್ನುತ್ತಿದ್ದೆ. ಆಮೇಲೆ ಹುಡುಗನ ಲೆಕ್ಕದ ಪುಟ ತೆರೆಯಿರಿ. ಅಲ್ಲಿ ಸೊನ್ನೆ ಕಂಡರೆ ಆತುರಪಟ್ಟು ಷರಾ ಬರೆಯಬೇಡಿ; ಚೆಂಡು ಆತನ ಕಡೆ ಬರಲೇ ಇಲ್ಲವೇಕೆ ಎಂದು ಪಂದ್ಯವನ್ನು ಮತ್ತೊಮ್ಮೆ ಕೂತು ನೋಡಿ.