ದಾರಿ ಬಿಡುವುದು

ನಮ್ಮ ಹೊರಮಾವಿನ ಹೆಸರಿನಲ್ಲಿ ಒಂದು ಮಾವು ಇದೆ. ಅದನ್ನು ನಂಬಿ ಯಾರಾದರೂ ನೆರಳು ಹುಡುಕಿಕೊಂಡು ಬಂದರೆ ನಾನು ತೋರಿಸಬಲ್ಲ ನೆರಳು ಒಂದೇ. ಅದು ರೈಲುಹಳಿಯ ಕೆಳಗೆ ಹಾದುಹೋಗುವ ಇಕ್ಕಟ್ಟಿನ ದಾರಿ. ಮಳೆ ಬಂದ ದಿನ ಅದು ಕೆರೆ, ಬಾರದ ದಿನ ಕುರುಕ್ಷೇತ್ರ. ಬೆಳಗ್ಗೆ ಒಂಬತ್ತರ ಹೊತ್ತಿಗೆ ನೀರಿನ ಟ್ಯಾಂಕರು, ಶಾಲೆಯ ವ್ಯಾನು, ಆಟೋ, ಕಾರು, ಸ್ಕೂಟರು ಎಲ್ಲವೂ ಅಲ್ಲಿ ಮೂತಿಗೆ ಮೂತಿ ತಾಗಿಸಿ ನಿಂತಿರುತ್ತವೆ. ಒಬ್ಬರು ಒಂದು ಗೇಣು ಹಿಂದೆ ಸರಿದರೆ ಎಲ್ಲರೂ ಪಾರಾಗಬಹುದು. ಆದರೆ ಆ ಒಬ್ಬರು ಯಾರು? ಪ್ರಶ್ನೆ ಇರುವುದೇ ಅಲ್ಲಿ.

ಈ ಯುದ್ಧದಲ್ಲಿ ನಾನೂ ಒಬ್ಬ ಕಾಲಾಳು. ನನ್ನದು ಹಳೆಯ ಸ್ಕೂಟರು. ಸುಮಾರು ಇಪ್ಪತ್ತು ವರ್ಷ ಸಂಧಿ ಸಮಾಸಗಳನ್ನು ಪಾಠ ಹೇಳಿದವನಿಗೆ ನಿಯಮದ ಮೇಲೆ ತುಸು ಮೋಹ ಹುಟ್ಟುವುದು ಸಹಜ. ಅಡ್ಡದಾರಿಯಿಂದ ಬರುವವನು ದೊಡ್ಡ ದಾರಿಯಲ್ಲಿರುವವನಿಗೆ ಎಡೆ ಕೊಡಬೇಕು ಎಂಬುದು ನಿಯಮವಾದರೆ ನಾನು ಅದನ್ನು ಚಾಚೂ ತಪ್ಪದೆ ನಡೆಸುವವನು. ಇನ್ನೊಬ್ಬರ ಸರದಿಯನ್ನು ಕಸಿಯುವುದಿಲ್ಲ. ನನ್ನ ಸರದಿಯನ್ನು ಬಿಟ್ಟುಕೊಡುವುದೂ ಇಲ್ಲ. ಇದನ್ನು ನಾನು ನ್ಯಾಯನಿಷ್ಠೆ ಎಂದು ಕರೆದುಕೊಂಡಿದ್ದೆ. ನನ್ನ ಹೆಂಡತಿ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ. ಅದು ಇಲ್ಲಿ ಬೇಡ.

ಕಳೆದ ಮಾಘಮಾಸದ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಪಿ.ಯು.ಸಿ.ಯಲ್ಲಿ ವಿಜ್ಞಾನದ ಹುಡುಗಿ. ಕನ್ನಡದ ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚು. ನಾನು ಹಳಗನ್ನಡ ಪಾಠ ಮಾಡುತ್ತಿದ್ದರೆ ಅವಳು ಆಕಾಶ ನೋಡುತ್ತಿದ್ದಳು. ಎಷ್ಟೋ ಸಲ ಗದರಿಸಿದ್ದೆ. ಈಗ ಅವಳು ಪೈಲಟ್ ಆಗಿದ್ದಾಳೆ. ನಮ್ಮ ಗದರಿಕೆಗಳಿಗೆ ಇರುವ ಬೆಲೆ ಇಷ್ಟು!

ಅವಳಿಗೆ ಈ ಹುಚ್ಚು ಹತ್ತಿದ್ದು ಜಕ್ಕೂರಿನಲ್ಲಿ. ಬಳ್ಳಾರಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅಲ್ಲಿನ ಮೈದಾನದಿಂದ ಸಣ್ಣ ವಿಮಾನ ಏರುವುದನ್ನು ಕತ್ತು ಹೊರಳಿಸಿ ನೋಡುತ್ತಿದ್ದಳಂತೆ. ಸರ್ಕಾರದ ವೈಮಾನಿಕ ತರಬೇತಿ ಶಾಲೆ ಅಲ್ಲಿ ಮೈಸೂರು ಸಂಸ್ಥಾನದ ಕಾಲದಿಂದ ಇದೆ. ಸಿನಿಮಾ ನೋಡುವ ನಮ್ಮಂಥವರಿಗೆ ಜಕ್ಕೂರು ಎಂದರೆ ಬೇರೆಯೇ ನೆನಪು. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಕೊನೆಯ ಸಲ ವಿಮಾನ ಹತ್ತಿದ್ದು ಅಲ್ಲಿಯೇ. ಹುಡುಗಿಯ ತಾಯಿಗೆ ಆ ನೆನಪು ಇನ್ನೂ ಮಾಸಿರಲಿಲ್ಲ. ಅತ್ತು ಕರೆದು, ಕೊನೆಗೆ ಒಪ್ಪಿ, ಬೇರೆ ರಾಜ್ಯದ ಒಂದು ಶಾಲೆಗೆ ಕಳುಹಿಸಿದ್ದರು.

ಕಾಫಿ ಕುಡಿದು ಮಹಡಿಯ ಮೇಲೆ ಹೋದೆವು. ಅಲ್ಲಿ ಹಳೆಯ ಸೀರೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ದಕ್ಷಿಣಕ್ಕೆ, ಎಚ್.ಎ.ಎಲ್. ಕಡೆಯಿಂದ, ಹೆಲಿಕಾಪ್ಟರಿನ ಸದ್ದು ಕೇಳಿಸಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹತ್ತಿರ ಹೊಸ ನಿಲ್ದಾಣ ತೆರೆದಾಗ ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದವು; ಆದರೂ ನಮ್ಮ ಪೂರ್ವದ ಬಡಾವಣೆಗಳಿಗೆ ಆಕಾಶದ ಸದ್ದು ಪೂರ್ತಿ ತಪ್ಪಿಲ್ಲ.

“ನಿಮಗೇನಮ್ಮ, ಅಷ್ಟು ದೊಡ್ಡ ಆಕಾಶ. ನಮ್ಮ ಹಾಗೆ ಸೇತುವೆ ಕೆಳಗೆ ನುಸುಳಬೇಕೆ?” ಎಂದೆ.

ಅವಳು ನಕ್ಕಳು. “ಆಕಾಶ ದೊಡ್ಡದೇ ಸರ್. ಆದರೆ ಎಲ್ಲರೂ ಇಳಿಯಬೇಕಾದದ್ದು ಒಂದೇ ಪಟ್ಟಿಯ ಮೇಲೆ. ಅದರ ಸುತ್ತ ನಿಮ್ಮ ಸೇತುವೆಗಿಂತ ಇಕ್ಕಟ್ಟು” ಎಂದು ಸಂಡಿಗೆಯ ಮುಂದೆ ಕುಳಿತೇಬಿಟ್ಟಳು.

ಸೀರೆಯ ಅಂಚು ರನ್‌ವೇ ಆಯಿತು. ಎರಡು ಸಂಡಿಗೆ ವಿಮಾನಗಳಾದವು. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಆದ್ದರಿಂದ ಏರಿದ್ದು ಎಡಕ್ಕೆ ಹೊರಳಿ, ಮತ್ತೆ ಎಡಕ್ಕೆ ಹೊರಳಿ, ರನ್‌ವೇಯ ಪಕ್ಕದಲ್ಲೇ ಗಾಳಿಯ ಜೊತೆ ಹಿಂದಕ್ಕೆ ಬರುತ್ತದೆ. ಇದಕ್ಕೆ ಡೌನ್‌ವಿಂಡ್ ಎಂದು ಹೆಸರು. ಪಟ್ಟಿಯ ತುದಿ ದಾಟಿ ಇನ್ನೊಂದು ಎಡತಿರುವು, ಅದು ಬೇಸ್. ಕೊನೆಯ ತಿರುವಿನಲ್ಲಿ ಪಟ್ಟಿ ನೇರ ಎದುರಿಗೆ ಬರುತ್ತದೆ, ಅದು ಫೈನಲ್. ಈ ಚೌಕಕ್ಕೆ ಸರ್ಕ್ಯೂಟ್ ಎನ್ನುತ್ತಾರೆ. ಸಣ್ಣ ವಿಮಾನಗಳಿಗೆ ಇದರ ಎತ್ತರ ಸಾಮಾನ್ಯವಾಗಿ ನೆಲದಿಂದ ಸುಮಾರು 1000 ಅಡಿ.

“ಪ್ರದಕ್ಷಿಣೆ ಅನ್ನು. ಆದರೆ ದೇವರನ್ನು ಎಡಕ್ಕೆ ಇಟ್ಟುಕೊಂಡು ಸುತ್ತುತ್ತೀರಲ್ಲ!” ಎಂದೆ.

“ಕ್ಯಾಪ್ಟನ್ ಕೂರುವುದು ಎಡಗಡೆಯ ಸೀಟಿನಲ್ಲಿ ಸರ್. ಎಡಕ್ಕೆ ಸುತ್ತಿದರೆ ದೇವರು ಕಿಟಕಿಯಲ್ಲಿ ಕಾಣುತ್ತಾನೆ.”

ಸಣ್ಣ ತರಬೇತಿ ವಿಮಾನ ಇಳಿಯಲು ಬರುವಾಗಲೂ ಅದರ ವೇಗ ಗಂಟೆಗೆ 120 ಕಿಲೋಮೀಟರಿನ ಆಸುಪಾಸು. ಅದು ಗಾಳಿಯಲ್ಲಿ ನಿಲ್ಲಲಾರದು, ಹಿಂದೆ ಸರಿಯಲಾರದು. ಕಿಟಕಿಯಿಂದ ತಲೆ ಹೊರಗೆ ಹಾಕಿ “ಕಣ್ಣು ಕಾಣಲ್ವಾ?” ಎಂದು ಕೇಳುವ ಹಾಗಿಲ್ಲ. ಹಾಗಾಗಿ ಅಲ್ಲಿ ಮರ್ಯಾದೆಯನ್ನೆಲ್ಲ ಮುಂಚೆಯೇ ಮಾಡಿ ಮುಗಿಸಬೇಕು.

ಅದಕ್ಕೆಂದೇ ನಿಯಮಗಳಿವೆ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ಸರಿಯಬೇಕು. ಹಾದಿಗಳು ಕೂಡುವಂತಿದ್ದರೆ ಯಾರಿಗೆ ಇನ್ನೊಬ್ಬರು ಬಲಗಡೆ ಕಾಣುತ್ತಾರೋ ಅವರು ದಾರಿ ಬಿಡಬೇಕು. ರಾತ್ರಿಯಲ್ಲಿ ಇದನ್ನು ದೀಪಗಳೇ ಹೇಳುತ್ತವೆ. ವಿಮಾನದ ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲ ರೆಕ್ಕೆಯ ತುದಿಗೆ ಹಸಿರು. ನನ್ನ ಬಲಗಡೆಯಿಂದ ಒಬ್ಬ ಅಡ್ಡ ಬರುತ್ತಿದ್ದರೆ ನನಗೆ ಕಾಣುವುದು ಅವನ ಕೆಂಪು ದೀಪ. ಅದೇ ಹೊತ್ತಿಗೆ ಅವನಿಗೆ ಕಾಣುವುದು ನನ್ನ ಹಸಿರು. ನಡುವೆ ಪೊಲೀಸಿನವನಿಲ್ಲದೆ ಒಬ್ಬನಿಗೆ ‘ತಡೆ’, ಇನ್ನೊಬ್ಬನಿಗೆ ‘ಹೋಗು’! ಎಂಜಿನ್ ಇರುವ ವಿಮಾನ ಎಂಜಿನ್ ಇಲ್ಲದ ಗ್ಲೈಡರಿಗೆ ದಾರಿ ಬಿಡಬೇಕು. ಗ್ಲೈಡರು ಬಲೂನಿಗೆ ಬಿಡಬೇಕು. ತಾಕತ್ತು ಹೆಚ್ಚಾದಷ್ಟೂ ತಗ್ಗುವ ಹೊಣೆ ಹೆಚ್ಚು. ನಮ್ಮ ಸೇತುವೆಯ ಕೆಳಗೆ ಈ ಪಟ್ಟಿಯನ್ನು ತಲೆಕೆಳಗು ಮಾಡಿ ಓದುತ್ತೇವೆ: ಟ್ಯಾಂಕರು, ಕಾರು, ಸ್ಕೂಟರು, ಸೈಕಲ್ಲು, ಕೊನೆಗೆ ಕಾಲ್ನಡಿಗೆಯ ಬಡಪಾಯಿ.

ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ನಿಯಮ. ಎರಡು ವಿಮಾನಗಳು ಇಳಿಯಲು ಬರುತ್ತಿದ್ದರೆ ಮೇಲಿನದು ಕೆಳಗಿನದಕ್ಕೆ ಎಡೆ ಕೊಡಬೇಕು. ಸರಿ. ಆದರೆ ಆ ನಿಯಮ ಅಲ್ಲಿಗೆ ನಿಲ್ಲುವುದಿಲ್ಲ. ಕೆಳಗಿರುವವನು ಈ ಹಕ್ಕಿನ ಲಾಭ ಪಡೆದು, ಆಗಲೇ ಫೈನಲ್ಲಿನಲ್ಲಿರುವ ಇನ್ನೊಬ್ಬನ ಮುಂದೆ ನುಗ್ಗಬಾರದು ಎಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ಹಕ್ಕನ್ನು ಕೊಟ್ಟ ಕೈಯೇ ಅದರ ದುರುಪಯೋಗವನ್ನೂ ತಡೆಯುವ ಇಂಥ ವಾಕ್ಯವನ್ನು ನಾನು ವ್ಯಾಕರಣದಲ್ಲಿ ಕಂಡಿಲ್ಲ. ಅಲ್ಲಿ ಸೂತ್ರವಿದ್ದರೆ ಅಪವಾದ ಇರುತ್ತದೆ. ಸೂತ್ರವನ್ನು ದುರಾಸೆಗೆ ಬಳಸಬೇಡ ಎಂದು ಪಾಣಿನಿಯಾಗಲಿ ಕೇಶಿರಾಜನಾಗಲಿ ಹೇಳಬೇಕಾಗಿ ಬರಲಿಲ್ಲ. ಅವರು ಸ್ಕೂಟರು ಓಡಿಸಿದವರಲ್ಲ.

“ನಿನಗೆ ಹೀಗೆ ಯಾರಾದರೂ ನುಗ್ಗಿದ್ದುಂಟೆ?” ಎಂದು ಕೇಳಿದೆ.

ಉಂಟಂತೆ. ತರಬೇತಿಯ ಕಾಲದಲ್ಲಿ ಒಬ್ಬಳೇ ಹಾರಿಸುತ್ತಿದ್ದ ದಿನ. ಆ ಮೈದಾನದಲ್ಲಿ ಗೋಪುರದಿಂದ ಅಪ್ಪಣೆ ಕೊಡುವವರು ಇರಲಿಲ್ಲ. ‘ನಾನು ಡೌನ್‌ವಿಂಡ್‌ನಲ್ಲಿದ್ದೇನೆ’, ‘ನಾನು ಫೈನಲ್‌ನಲ್ಲಿದ್ದೇನೆ’ ಎಂದು ಹಾರುವವರೇ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಇವಳು ಹೇಳಿದ್ದಳು. ಫೈನಲ್ಲಿನಲ್ಲಿ 300 ಅಡಿಗೆ ಇಳಿದಿದ್ದಾಗ ಇನ್ನೊಂದು ವಿಮಾನ ಏನೂ ಹೇಳದೆ ಕೆಳಗಿನಿಂದ ಅಡ್ಡ ಬಂದು ಮುಂದೆ ಸೇರಿಕೊಂಡಿತು. ಇವಳು ಎಂಜಿನಿಗೆ ಪೂರ್ತಿ ಶಕ್ತಿ ಕೊಟ್ಟು, ಆ ವಿಮಾನ ಕಣ್ಣಿಗೆ ಕಾಣುವಂತೆ ತುಸು ಬಲಕ್ಕೆ ಸರಿದು, ಮೇಲಕ್ಕೆ ಹೋದಳು. ಮತ್ತೆ ಇಡೀ ಚೌಕ ಸುತ್ತಿ ಬಂದು ಇಳಿದಳು.

“ಸರದಿ ನಿನ್ನದಾಗಿತ್ತಲ್ಲ!” ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ನನ್ನದೇ ಸರ್. ಅದನ್ನು ಅವನಿಗೆ ಗೊತ್ತುಮಾಡಿಸುವುದಕ್ಕೆ ಇಬ್ಬರೂ ಉಳಿದಿರಬೇಕಲ್ಲ.”

ಆ ಇನ್ನೊಬ್ಬನೂ ಕಲಿಯುತ್ತಿದ್ದ ಹುಡುಗ. ರೇಡಿಯೋ ಬೇರೆ ಅಲೆಗೆ ತಿರುಗಿತ್ತು, ಅವನು ನೋಡಿಕೊಂಡಿರಲಿಲ್ಲ. ಇಳಿದ ಮೇಲೆ ಗುರುಗಳು ಇವಳನ್ನು ಹೊಗಳಲೂ ಇಲ್ಲ, ಆ ಹುಡುಗನನ್ನು ಇವಳೆದುರಿಗೆ ಬಯ್ಯಲೂ ಇಲ್ಲ. ಎಷ್ಟು ಅಡಿಯಲ್ಲಿದ್ದಾಗ ತೀರ್ಮಾನ ಮಾಡಿದೆ ಎಂದು ಮಾತ್ರ ಕೇಳಿದರಂತೆ. 300 ಎಂದಳು. “400ರಲ್ಲೇ ಮಾಡಬಹುದಿತ್ತು” ಎಂದು ಹೇಳಿ ಹೊರಟುಹೋದರು.

ಮಾತಿನ ಕಸುಬಿನವನಾದ ನನಗೆ ಅವಳ ಇನ್ನೊಂದು ಕಥೆ ನಾಟಿತು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳು ಢಿಕ್ಕಿ ಹೊಡೆದು 583 ಜನ ಸತ್ತರು. ಹೊರಡುವ ಆತುರದಲ್ಲಿದ್ದ ಒಂದು ವಿಮಾನ ಅಪ್ಪಣೆ ಇಲ್ಲದೆ ಓಟ ಶುರುಮಾಡಿತ್ತು. ‘ಟೇಕಾಫ್’ ಎಂಬ ಮಾತು ರೇಡಿಯೋದಲ್ಲಿ ಅತ್ತಿಂದಿತ್ತ ಓಡಾಡಿತ್ತು. ಗೋಪುರದವರು ಒಂದು ಅರ್ಥದಲ್ಲಿ ಆಡಿದರು, ವಿಮಾನದವರು ಇನ್ನೊಂದು ಅರ್ಥದಲ್ಲಿ ಹಿಡಿದರು. ಅಂದಿನ ಪಾಠದಿಂದ ಆ ಪದವನ್ನು ಎತ್ತಿ ಬೇರೆ ಇಟ್ಟಿದ್ದಾರೆ. ಏರಲು ಅಪ್ಪಣೆ ಕೊಡುವಾಗ ಅಥವಾ ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವಾಗ ಮಾತ್ರ ಅದನ್ನು ಆಡಬೇಕು, ಉಳಿದಾಗ ‘ಡಿಪಾರ್ಚರ್’. ಒಂದು ಶಬ್ದಕ್ಕೆ ಒಂದೇ ಅರ್ಥ! ನಾನಾರ್ಥಗಳನ್ನು ಪಟ್ಟಿ ಮಾಡಿಸಿ ಅಂಕ ಕೊಡುವ ನಾನು ತಲೆ ತಗ್ಗಿಸಿದೆ.

ದೂರದ ಮಾತೇಕೆ? 2022ರ ಜನವರಿಯಲ್ಲಿ ನಮ್ಮ ದೇವನಹಳ್ಳಿಯಲ್ಲೇ, ಅಕ್ಕಪಕ್ಕದ ಎರಡು ರನ್‌ವೇಗಳಿಂದ, ಕೊಲ್ಕತ್ತಕ್ಕೆ ಒಂದು, ಭುವನೇಶ್ವರಕ್ಕೆ ಒಂದು, ಎರಡು ವಿಮಾನಗಳು ಹೆಚ್ಚುಕಡಿಮೆ ಒಟ್ಟಿಗೆ ಏರಿದವು. ಏರಿದ ಮೇಲೆ ಎರಡರ ಹಾದಿಯೂ ಕೂಡುವಂತಿತ್ತು. ಒಂದು ರನ್‌ವೇಯನ್ನು ಆ ಹೊತ್ತಿಗೆ ನಿಲ್ಲಿಸಬೇಕೆಂದು ತೀರ್ಮಾನವಾಗಿತ್ತು, ಆದರೆ ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಯಾರೂ ಹೇಳಿರಲಿಲ್ಲ. ರೇಡಾರಿನ ಮುಂದೆ ಕುಳಿತಿದ್ದ ನಿಯಂತ್ರಕರೊಬ್ಬರು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಸಿಬ್ಬಂದಿ ಸೇರಿ 426 ಜನ ಊರು ಸೇರಿದರು. ಒಂದು ಮಾತು ಹೇಳದೆ ಉಳಿದದ್ದರಿಂದ ಬಂದ ಗಂಡಾಂತರ, ಒಂದು ಮಾತು ಹೇಳಿದ್ದರಿಂದ ತಪ್ಪಿತು.

“ಹಾಗಾದರೆ ಎಲ್ಲರೂ ಎಲ್ಲರಿಗೂ ದಾರಿ ಬಿಟ್ಟುಬಿಟ್ಟರೆ ಸರಿ” ಎಂದೆ, ಪಾಠ ಒಪ್ಪಿಸುವ ಹುಡುಗನ ಹಾಗೆ.

“ಅಯ್ಯೋ, ಅದೂ ಅಪಾಯ ಸರ್!” ಎಂದಳು. ಲಖನೌದ ಇಬ್ಬರು ನವಾಬರು ‘ತಾವು ಮೊದಲು’, ‘ತಾವು ಮೊದಲು’ ಎಂದು ಉಪಚಾರ ಮಾಡುತ್ತ ರೈಲು ತಪ್ಪಿಸಿಕೊಂಡ ಕಥೆ ನಮಗೆಲ್ಲ ಗೊತ್ತು. ಆಕಾಶದಲ್ಲಿ ಅದು ರೈಲು ತಪ್ಪುವುದರಲ್ಲಿ ಮುಗಿಯುವುದಿಲ್ಲ. ದಾರಿಯ ಹಕ್ಕು ಯಾರದೋ ಅವರು ತಮ್ಮ ದಿಕ್ಕು, ವೇಗ ಬದಲಿಸದೆ ಹೋಗಬೇಕು. ಆಗಲೇ ಬಿಡುವವನಿಗೆ ಎತ್ತ ಸರಿಯಬೇಕೆಂದು ತಿಳಿಯುವುದು. ಇಷ್ಟು ಹೇಳಿದ ನಿಯಮವೇ ಮತ್ತೆ ಹೇಳುತ್ತದೆ: ಹಕ್ಕು ನಿನ್ನದಾದರೂ ಢಿಕ್ಕಿ ತಪ್ಪಿಸುವ ಹೊಣೆಯಿಂದ ನಿನಗೆ ಬಿಡುಗಡೆಯಿಲ್ಲ.

ಅವಳು ಹೊರಟಳು. ವಿಮಾನಗಳಾಗಿದ್ದ ಎರಡು ಸಂಡಿಗೆ ಮುರಿದದ್ದಕ್ಕೆ ನನ್ನ ಹೆಂಡತಿ ನನ್ನನ್ನು ಬಯ್ದಳು. ನಾನು ಉತ್ತರ ಕೊಡಲಿಲ್ಲ. ನನ್ನ ತಲೆಯಲ್ಲಿ ಬೇರೊಂದು ಸಂಗತಿ ಸುತ್ತುತ್ತಿತ್ತು.

ಅದಕ್ಕೆ ಎರಡು ವಾರ ಮೊದಲು, ಅದೇ ಸೇತುವೆಯ ಹತ್ತಿರ, ಅಡ್ಡದಾರಿಯಿಂದ ಒಬ್ಬ ಮುದುಕ ಸೈಕಲ್ಲಿನ ಹಿಂದೆ ಸೊಪ್ಪಿನ ಕಟ್ಟುಗಳನ್ನು ಹೇರಿಕೊಂಡು ಬಂದ. ನಾನು ದೊಡ್ಡ ದಾರಿಯಲ್ಲಿದ್ದೆ. ಸರದಿ ನನ್ನದು. ಅವನು ಬರುವುದು ನನಗೆ ಚೆನ್ನಾಗಿ ಕಂಡಿತ್ತು. ಅವನ ಭಾರ ಹೆಚ್ಚು, ಸೈಕಲ್ಲು ಓಲಾಡುತ್ತಿದೆ ಎಂಬುದೂ ಕಂಡಿತ್ತು. ಬ್ರೇಕು ನನ್ನ ಕೈಯಲ್ಲಿತ್ತು, ಒತ್ತಿದ್ದು ಹಾರನ್ನನ್ನು. ಅವನು ಬೆಚ್ಚಿ ಹಿಡಿ ತಿರುಗಿಸಿ ಬಿದ್ದ. ದಂಟು, ಪಾಲಕ್, ಸಬ್ಬಸಿಗೆ ರಸ್ತೆಯೆಲ್ಲ ಹರಡಿತು. ಬಲ ಮುಂಗೈ ಮುರಿದಿತ್ತು.

ಜನ ಸೇರಿದರು. ನನ್ನ ಬಟ್ಟೆ ನೋಡಿಯೋ ಏನೋ, “ಸಾರ್‌ದೇನೂ ತಪ್ಪಿಲ್ಲ ಬಿಡಿ” ಎಂದರು. ನಾನು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ, ಪಟ್ಟಿ ಹಾಕಿಸಿದೆ, ದುಡ್ಡು ಕೊಟ್ಟೆ. ಆಟೋದಲ್ಲಿ ಅವನು ನನ್ನನ್ನೇ ಸಮಾಧಾನ ಮಾಡಿದ. “ನೀವು ಹಾರನ್ ಹೊಡುದ್ರಲ್ಲ ಸೋಮಿ. ನಂಗೇ ಗಾಬ್ರಿ ಆಗೋಯ್ತು.” ಆರು ವಾರ ಭಾರ ಎತ್ತಕೂಡದೆಂದು ವೈದ್ಯರು ಹೇಳಿದಾಗ ಅವನು ನೆಲ ನೋಡಿದ. ನಾನು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿ, ಕೊನೆಯಲ್ಲಿ, ತಪ್ಪು ಮಾತ್ರ ನನ್ನದಲ್ಲ ಎಂದು ಸೇರಿಸಿದೆ. ಆ ದಿನ ಯಾರು ಕೇಳಿದರೂ ಅದನ್ನೇ ಹೇಳಿದೆ. ಎಷ್ಟು ಅಡಿಯಲ್ಲಿದ್ದಾಗ ತೀರ್ಮಾನ ಮಾಡಿದೆ ಎಂದು ಕೇಳುವ ಗುರು ನನಗೆ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಮುದುಕ ಮತ್ತೆ ಸೊಪ್ಪು ತರಲು ಶುರುಮಾಡಿದ್ದಾನೆ. ಕಟ್ಟುಗಳು ಮೊದಲಿಗಿಂತ ಕಡಿಮೆ. ನನ್ನ ಸ್ಕೂಟರು ದೂರದಲ್ಲಿ ಕಂಡರೆ ಸಾಕು, ಇಳಿದು ಸೈಕಲ್ಲನ್ನು ಮೋರಿಯ ಅಂಚಿಗೆ ಒತ್ತಿಕೊಂಡು ನಿಲ್ಲುತ್ತಾನೆ. ಅದನ್ನು ನೋಡುವುದು ನನಗೆ ಕಷ್ಟ. ನಾನೂ ನಿಲ್ಲಿಸುತ್ತೇನೆ. ಅವನು ಕದಲುವುದಿಲ್ಲ. ನವಾಬರ ಹಾಗೆ ಇಬ್ಬರೂ ನಿಂತಿರುತ್ತೇವೆ; ಹಿಂದಿನಿಂದ ಟ್ಯಾಂಕರಿನವನು ಹಾರನ್ ಬಾರಿಸುತ್ತಾನೆ.

ಮೊನ್ನೆ ನನಗೆ ಹುಡುಗಿಯ ರೇಡಿಯೋ ನೆನಪಾಯಿತು. ಸ್ಕೂಟರಿನ ಎಂಜಿನ್ ಆರಿಸಿ, ಗಟ್ಟಿಯಾಗಿ ಕೂಗಿ ಹೇಳಿದೆ: “ನಾನು ನಿಂತಿದ್ದೇನೆ. ನೀವು ಹೋಗಿ.”

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟಿದ.