ಅಪ್ಪ ಹೇಳದೇ ಇದ್ದ ಸದ್ದು

"ಅಪ್ಪಾ, ಮುಂದುಗಡೆ ಏನದು ಸದ್ದು?"

"ಯಾವ ಸದ್ದು?"

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಮ್ಮಿಬ್ಬರ ಮಧ್ಯೆ ಈ ಮಾತು ನಾಲ್ಕು ಸಲವಾದರೂ ನಡೆದಿರಬೇಕು. ಹಂಪ್ ಹತ್ತಿ ಇಳಿದಾಗಲೆಲ್ಲ ಎಡಗಡೆ ಮುಂದಿನ ಚಕ್ರದ ಹತ್ತಿರ 'ಟಕ್' ಅನ್ನೋದು. ಬ್ರೇಕ್ ಜೋರಾಗಿ ಒತ್ತಿದರೆ ಇನ್ನೊಂದು 'ಟಕ್'. ಅಪ್ಪನಿಗೆ ಕಿವಿ ಕೇಳಿಸಲ್ಲ ಅಂತಲ್ಲ. ದಿನಾ ಕೇಳಿ ಕೇಳಿ, ಅದು ಕಾರಿನದೇ ದನಿ ಅನ್ನಿಸಿಬಿಟ್ಟಿತ್ತು ಅವರಿಗೆ.

ನಮ್ಮೂರು ರಾಯಲ್ಪಾಡು. ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ. ಆಂಧ್ರದ ಗಡಿ ಹತ್ತಿರ ಇರೋದರಿಂದ ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಪ್ಪ ಮೇಷ್ಟ್ರಾಗಿದ್ದು ನಿವೃತ್ತರಾದವರು. ಈಗ ಒಂದಿಷ್ಟು ಮಾವಿನ ತೋಟ, 2012ರಲ್ಲಿ ಕೊಂಡ ಸ್ವಿಫ್ಟ್ ಕಾರು, ಇವೆರಡೇ ಅವರ ಲೋಕ. ಅಮ್ಮನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಕೋಲಾರದ ಆಸ್ಪತ್ರೆಗೆ ಅದೇ ಕಾರಿನಲ್ಲಿ ಹೋಗಿ ಬರಬೇಕು. ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀನಿ. ಆ ದಾರಿಯಲ್ಲಿ ಅವರಿಬ್ಬರೇ.

ಹಬ್ಬದ ಮಾರನೇ ದಿನ ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಹಿಂದೆ ಇಣುಕಿ ನೋಡಿದೆ. ಲೋಯರ್ ಆರ್ಮ್ ಬುಷ್‌ನ ರಬ್ಬರ್ ಒಣಗಿದ ಕೆರೆಯ ನೆಲದ ಹಾಗೆ ಬಿರುಕು ಬಿಟ್ಟಿತ್ತು. ಟೈರಿನ ಒಳಅಂಚು ಹೊರಅಂಚಿಗಿಂತ ಚೆನ್ನಾಗಿ ಸವೆದಿತ್ತು. ಅದನ್ನು ತೋರಿಸಿದರೆ ಅಪ್ಪ, "ಏಂ ಕಾದು ಲೇ. ಏನೂ ಆಗಲ್ಲ, ಇನ್ನೊಂದು ವರ್ಷ ಓಡುತ್ತೆ" ಅಂದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ನಮ್ಮ ಚಿಕ್ಕ ಕಾರುಗಳಲ್ಲಿ ಬಹುಪಾಲಿಗೆ ಮುಂದುಗಡೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. 1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಏರ್ಪಾಡು. ಮೇಲೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್. ಕೆಳಗೆ ಚಕ್ರವನ್ನು ಕಾರಿನ ಅಡಿಗೆ ಸೇರಿಸುವ ಒಂದು ಕಬ್ಬಿಣದ ತೋಳು. ಅದೇ ಲೋಯರ್ ಆರ್ಮ್. ಹೊರತುದಿಯಲ್ಲಿ ಬಾಲ್ ಜಾಯಿಂಟ್, ಒಳಗಡೆ ಮುಂದೊಂದು ಹಿಂದೊಂದು ಬುಷ್.

ಬುಷ್ ಅಂದರೆ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಸಣ್ಣ ಕೊಳವೆ, ಎರಡರ ನಡುವೆ ರಬ್ಬರ್. ಬೋಲ್ಟು ಆ ಕೊಳವೆಯೊಳಗೆ ಹೋಗುತ್ತೆ. ಚಕ್ರ ಗುಂಡಿಗೆ ಬಿದ್ದಾಗ ತೋಳು ಮೇಲೆ ಕೆಳಗೆ ಆಡೋದು, ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಎಳೆಯೋದು, ಎಲ್ಲವನ್ನೂ ಆ ರಬ್ಬರ್ ನುಂಗಿಕೊಳ್ಳುತ್ತೆ. ಅದು ಹರಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತೆ. ಸದ್ದು ದೊಡ್ಡ ವಿಷಯ ಅಲ್ಲ. ಬ್ರೇಕ್ ಹಾಕಿದಾಗ ಚಕ್ರ ತಾನಿರಬೇಕಾದ ಜಾಗದಲ್ಲಿ ಇರಲ್ಲ, ಕಾರು ಒಂದು ಕಡೆಗೆ ಎಳೆಯುತ್ತೆ. ದೊಡ್ಡ ವಿಷಯ ಅದು.

ಗ್ಯಾರೇಜಿಗೆ ಕೊಟ್ಟುಬಿಡಬಹುದಿತ್ತು. ಆದರೆ ಎಂಜಿನಿಯರಿಂಗ್ ಓದಿದ್ದೀನಿ ಅನ್ನೋ ಹಮ್ಮು ಒಂದು ಕಡೆ, ಊರಿಗೆ ಹೋದಾಗಲೆಲ್ಲ ಬರೀ ತಿಂದು ಮಲಗಿ ವಾಪಸ್ ಬರ್ತೀನಲ್ಲ ಅನ್ನೋ ಮುಜುಗರ ಇನ್ನೊಂದು ಕಡೆ. ನಾನೇ ಮಾಡ್ತೀನಿ ಅಂದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡೂ ಕಡೆಗೆ ಬೇಕಾದ ನಾಲ್ಕು ಬುಷ್ ತಗೊಂಡೆ. ಜೊತೆಗೆ ಎರಡು ಜಾಕ್ ಸ್ಟ್ಯಾಂಡ್, ಒಂದು ಟಾರ್ಕ್ ರೆಂಚ್. ಸಾಮಾನಿಗಿಂತ ಸಲಕರಣೆಗೇ ದುಡ್ಡು ಜಾಸ್ತಿ ಆಯಿತು. ಸಂಕ್ರಾಂತಿಗೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದವರು, "ಏನ್ ಸಾರ್, ಬ್ಯಾಗು ಇಷ್ಟು ಭಾರ?" ಅಂದರು. "ಎಳ್ಳು ಬೆಲ್ಲ" ಅಂದೆ.

ಕೋಲಾರದ ಕಡೆ ಕಲ್ಲಿಗೆ ಬರವಿಲ್ಲ. ನಮ್ಮ ಮನೆಯ ಅಂಗಳಕ್ಕೂ ಗ್ರಾನೈಟ್ ಚಪ್ಪಡಿಯೇ. ಜಾಕಿ ಮಣ್ಣಿನಲ್ಲಿ ಹೂತುಹೋಗುವ ಭಯ ಇರಲಿಲ್ಲ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಮುಂದುಗಡೆ ಎತ್ತಿದೆ. ಅಪ್ಪ ಕಾಂಪೌಂಡ್ ಕಟ್ಟಿದಾಗ ಉಳಿದಿದ್ದ ಹಾಲೋ ಬ್ಲಾಕ್ ತಂದು, "ಇದನ್ನ ಕೊಡೋ ಕೆಳಗೆ" ಅಂದರು. ಬೇಡ ಅಂದೆ. ಹಾಲೋ ಬ್ಲಾಕ್ ಒಡೆಯುವ ಮುಂಚೆ ಸೂಚನೆ ಕೊಡಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತೆ. ಜಾಕಿ ಇರೋದು ಎತ್ತೋಕೆ ಮಾತ್ರ, ಹೊತ್ತು ನಿಲ್ಲೋಕಲ್ಲ. ಸ್ಟ್ಯಾಂಡ್ ಕೊಡದೆ ಕಾರಿನ ಕೆಳಗೆ ಕೈ ಕೂಡ ಹಾಕಬಾರದು. ಇದೊಂದು ನಿಯಮ ಮಾತ್ರ ಸರಿಯಾಗಿ ಪಾಲಿಸಿದ್ದೆ.

ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಆದರೂ ಒಂದು ಬೋಲ್ಟು ಬಿಚ್ಚೋಕೆ ಒಂದೂವರೆ ಗಂಟೆ ಹಿಡಿಯಿತು. ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದಿದ್ದರು. ಚಿಕ್ಕವನಿದ್ದಾಗ ಕರೆಂಟು ಹೋದರೆ ನಾನು ಲೆಕ್ಕ ಮಾಡುವಾಗ ಹೀಗೇ ಹಿಡೀತಿದ್ದರು. ಬೆಳಕು ಮಾತ್ರ ಆಗಲೂ ಬೇಕಾದ ಕಡೆ ಬೀಳ್ತಿರಲಿಲ್ಲ, ಈಗಲೂ ಬೀಳಲಿಲ್ಲ.

ಹಳೇ ಬುಷ್‌ನ ಹೊರಬಳೆಯನ್ನು ಆಕ್ಸಾ ಬ್ಲೇಡಿನಿಂದ ಒಂದು ಕಡೆ ಸೀಳಿ ಬಡಿದು ತೆಗೆದೆ. ಕೆಲವರು ರಬ್ಬರನ್ನು ಸುಟ್ಟು ತೆಗೀತಾರೆ. ಆ ಹೊಗೆ ಒಳ್ಳೆಯದಲ್ಲ, ಹಾಗೆ ಮಾಡಬೇಡಿ. ಹೊಸದನ್ನು ಕೂರಿಸೋಕೆ ಪ್ರೆಸ್ ಇರಲಿಲ್ಲ. ಉದ್ದನೆಯ ಥ್ರೆಡ್ ರಾಡ್, ಎರಡು ನಟ್ಟು, ದಪ್ಪ ವಾಷರು, ಅಳತೆಗೆ ಸರಿಯಾದ ಪೈಪಿನ ತುಂಡು, ಇಷ್ಟರಲ್ಲೇ ನಿಧಾನವಾಗಿ ಎಳೆದು ಕೂರಿಸಿದೆ. ಜಾರಲಿ ಅಂತ ಸೋಪು ನೀರು ಹಚ್ಚಿದೆ. ಗ್ರೀಸ್ ಅಥವಾ ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತೆ. ಹಿಂದಿನ ಬುಷ್‌ಗೆ ದಿಕ್ಕು ಇರುತ್ತೆ. ಹಳೆಯದು ಹೇಗೆ ಕೂತಿತ್ತು ಅಂತ ಬಿಚ್ಚುವ ಮೊದಲೇ ಫೋಟೋ ತೆಗೆದಿದ್ದೆ.

ಎರಡನೇ ದಿನ ಸಂಜೆ ಕೊನೆಯ ಬೋಲ್ಟು ಬಿಗಿ ಮಾಡಿದೆ. ಟಾರ್ಕ್ ರೆಂಚ್ 'ಕ್ಲಿಕ್' ಅಂದಾಗ ಆದ ಖುಷಿ, ಆಫೀಸಿನಲ್ಲಿ ಯಾವ ರಿಲೀಸ್‌ಗೂ ಆಗಿಲ್ಲ. ಮಸಿ ಹತ್ತಿದ ಕೈ ತೋರಿಸಿ ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕಿದೆ. ಈಗ ಆ ಫೋಟೋ ನೋಡಿದರೆ ನನ್ನ ತಪ್ಪು ಅದರಲ್ಲೇ ಕಾಣುತ್ತೆ. ಕಾರು ಇನ್ನೂ ಸ್ಟ್ಯಾಂಡ್ ಮೇಲಿದೆ, ತೋಳು ಕೆಳಕ್ಕೆ ನೇತಾಡ್ತಿದೆ.

ಮಾರನೇ ದಿನ ಶ್ರೀನಿವಾಸಪುರಕ್ಕೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ದಾರಿಯಲ್ಲಿ ಎಲ್ಲ ಹಂಪ್‌ಗಳನ್ನೂ ಅಪ್ಪ ಬೇಕಂತಲೇ ಸ್ವಲ್ಪ ಜೋರಾಗಿಯೇ ದಾಟಿಸಿದರು. ಸದ್ದೇ ಇಲ್ಲ. "ಹೊಸ ಗಾಡಿ ಆದಂಗಾಯ್ತಲ್ಲೋ" ಅಂದರು. ಆಮೇಲೆ ಸಿಕ್ಕವರಿಗೆಲ್ಲ, "ನಮ್ಮುಡುಗನೇ ಮಾಡಿದ್ದು" ಅಂತ ಹೇಳಿಕೊಂಡು ಬಂದರಂತೆ.

ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಕೇಳ್ತಿದ್ದೆ, "ಗಾಡಿ ಹೆಂಗಿದೆಯಪ್ಪಾ?" "ಫಸ್ಟ್ ಕ್ಲಾಸ್."

ಜೂನ್‌ನಲ್ಲಿ ಮಾವಿನ ಸುಗ್ಗಿ. ತೋತಾಪುರಿ ಕೊಯ್ಲಿಗೆ ಅಂತ ಊರಿಗೆ ಹೋದೆ. ನೆಂಟರಿಗೆ ಕೊಡೋಕೆ ಡಿಕ್ಕಿ ತುಂಬ ಹಣ್ಣು ತುಂಬಿಕೊಂಡು ನಾನೇ ಕಾರು ತೆಗೆದೆ. ಊರು ದಾಟುವ ಮೊದಲೇ ಮೊದಲ ಹಂಪ್ ಬಂತು.

ಟಕ್.

ಎದೆ ಧಸಕ್ಕೆಂದಿತು. ಮುಂದಿನ ಹಂಪಿಗೂ ಅದೇ. ವಾಪಸ್ ಬಂದು ಅಂಗಳದಲ್ಲಿ ನಿಲ್ಲಿಸಿ ಅಪ್ಪನನ್ನ ಕೇಳಿದೆ, "ಇದು ಯಾವಾಗಿಂದ?"

"ಯಾವುದು?"

ಒಳಗಿಂದ ಅಮ್ಮ ಬಂದಳು. "ಯುಗಾದಿ ಆದಾಗಿಂದಲೂ ಐತೆ. ನಿನಗೆ ಹೇಳಬೇಡ ಅಂದಿದ್ದರು."

ಅಂದರೆ ಎರಡು ತಿಂಗಳಿಗಿಂತ ಜಾಸ್ತಿ. ಅಷ್ಟರಲ್ಲಿ ಕೋಲಾರಕ್ಕೆ ಕನಿಷ್ಠ ಎರಡು ಸಲ ಹೋಗಿ ಬಂದಿದ್ದಾರೆ. ನನಗೆ ಸಿಟ್ಟು ಬಂತು. "ಅಮ್ಮನ್ನ ಕೂರಿಸ್ಕೊಂಡು ಹೋಗ್ತೀರಲ್ಲಪ್ಪಾ, ಬ್ರೇಕ್ ಹಾಕಿದಾಗ ಏನಾದ್ರೂ ಆಗಿದ್ದರೆ?" ಅಂತ ಕೂಗಾಡಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ಹಬ್ಬದಲ್ಲಿ ಎರಡು ದಿನ ನೆಲದ ಮೇಲೆ ಬಿದ್ದು ಮಾಡಿದ್ದೆ. ಬೆರಳು ಕುಯ್ಕೊಂಡಿದ್ದೆ. ಸರಿ ಹೋಗಲಿಲ್ಲ ಕಣಪ್ಪ ಅಂತ ಹೆಂಗೆ ಹೇಳೋದು?"

ಸಿಟ್ಟು ಅಲ್ಲೇ ಇಳಿದುಹೋಯಿತು. ಯೋಚನೆ ಮಾಡಿದರೆ ತಪ್ಪು ಅವರೊಬ್ಬರದೇ ಅಲ್ಲ. ಪ್ರತಿ ಭಾನುವಾರ ನಾನು ಕೇಳ್ತಿದ್ದದ್ದು ಕಾರಿನ ಬಗ್ಗೆ ಅಲ್ಲ, ನನ್ನ ಕೆಲಸದ ಬಗ್ಗೆ. 'ಚೆನ್ನಾಗಿದೆ' ಅನ್ನಿಸಿಕೊಳ್ಳೋಕೇ ಕೇಳ್ತಿದ್ದೆ. ಅದು ಅಪ್ಪನಿಗೆ ಗೊತ್ತಾಗ್ತಿತ್ತು.

ಅವತ್ತೇ ತೋಳನ್ನು ಬಿಚ್ಚಿ, ಬೈಕಿನಲ್ಲಿ ಇಟ್ಟುಕೊಂಡು ಶ್ರೀನಿವಾಸಪುರದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಭಾಯ್ ಮುಂದಿನ ಬುಷ್ ಅನ್ನು ಬೆಳಕಿಗೆ ಹಿಡಿದು ನೋಡಿದರು. ಆರು ತಿಂಗಳೂ ತುಂಬದ ರಬ್ಬರ್ ಒಂದು ಪಕ್ಕದಲ್ಲಿ ಕೊಳವೆಯಿಂದ ಹರಿದು ಬಂದಿತ್ತು.

"ಗಾಡಿ ಎತ್ತಿಟ್ಟೇ ಟೈಟ್ ಮಾಡಿದ್ರಾ ಸಾರ್?"

"ಹೌದು ಭಾಯ್."

"ಅದೇ ಮತ್ತೆ. ಎತ್ತಿದಾಗ ನಟ್ಟು ಸುಮ್ಮನೆ ಕೂರಿಸಬೇಕು ಅಷ್ಟೇ. ಗಾಡಿ ನೆಲಕ್ಕೆ ನಿಂತು ಭಾರ ಹೊತ್ತ ಮೇಲೆ ಫುಲ್ ಟೈಟ್."

ಕಾರಣ ಆಮೇಲೆ ಹೊಳೆಯಿತು, ನಾಚಿಕೆಯೂ ಆಯಿತು. ಬಾಗಿಲಿನ ಕೀಲಿನ ಹಾಗೆ ಈ ಬುಷ್ ಜಾರಿ ತಿರುಗೋದಿಲ್ಲ. ರಬ್ಬರ್ ಎರಡೂ ಕಡೆ ಕಬ್ಬಿಣಕ್ಕೆ ಅಂಟಿಕೊಂಡಿರುತ್ತೆ. ಬೋಲ್ಟು ಬಿಗಿಯಾದ ಕ್ಷಣ ಒಳಗಿನ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತೆ. ಆಮೇಲೆ ತೋಳು ಎಷ್ಟು ಆಡಿದರೂ ತಿರುಚಿಕೊಳ್ಳಬೇಕಾದ್ದು ರಬ್ಬರ್ ಮಾತ್ರ. ತೋಳು ನೇತಾಡುವಾಗ ಬಿಗಿ ಮಾಡಿದರೆ, ಆ ನೇತಾಡುವ ಸ್ಥಿತಿಯೇ ಅದಕ್ಕೆ ಆರಾಮದ ಸ್ಥಿತಿ. ಕಾರು ಕೆಳಗಿಳಿದು ಸುಮ್ಮನೆ ನಿಂತಾಗಲೂ ರಬ್ಬರ್ ಹಿಂಡಿದ ಟವೆಲಿನ ಹಾಗೆ ತಿರುಚಿಕೊಂಡೇ ಇರುತ್ತೆ. ಅದರ ಮೇಲೆ ಗುಂಡಿ, ಹಂಪ್. ಎಷ್ಟು ದಿನ ತಡೆಯುತ್ತೆ?

ಭಾಯ್ ತಮ್ಮ ಪ್ರೆಸ್ಸಿನಲ್ಲಿ ಹೊಸ ಬುಷ್ ಐದೇ ನಿಮಿಷದಲ್ಲಿ ಕೂರಿಸಿಕೊಟ್ಟರು. ನಾನು ಅರ್ಧ ದಿನ ಒದ್ದಾಡಿದ್ದ ಕೆಲಸ. ಬಲಗಡೆಯದನ್ನೂ ಬಿಚ್ಚಿ ತಂದು ಬದಲಾಯಿಸಿಕೊಂಡೆ, ಅದಕ್ಕೂ ಅದೇ ಗತಿ ಕಾದಿತ್ತಲ್ಲ.

ಮನೆಯಲ್ಲಿ ಈ ಸಲ ಅಪ್ಪನೂ ಕೈ ಹಾಕಿದರು. ಬೋಲ್ಟುಗಳನ್ನು ಹಗುರವಾಗಿ ಕೂರಿಸಿ, ಚಕ್ರ ಹಾಕಿದೆವು. ಕಾರು ಎತ್ತಿರುವಾಗಲೇ ಎರಡು ಮುಂದಿನ ಚಕ್ರಗಳ ಕೆಳಗೂ ಒಂದೊಂದು ಅಗಲವಾದ, ದಪ್ಪನೆಯ ಕಲ್ಲುಚಪ್ಪಡಿ ತಳ್ಳಿ ಅದರ ಮೇಲೆ ಇಳಿಸಿದೆವು. ಈಗ ಭಾರವೆಲ್ಲ ಚಕ್ರದ ಮೇಲೆ, ಪಾನಾ ಹಾಕೋಕೂ ಜಾಗ. ಅಪ್ಪ ಬಾನೆಟ್ ಮೇಲೆ ಎರಡೂ ಕೈ ಊರಿ ನಾಲ್ಕೈದು ಸಲ ಒತ್ತಿ ಬಿಟ್ಟರು, ಸ್ಪ್ರಿಂಗು ತನ್ನ ಜಾಗಕ್ಕೆ ಬಂದು ಕೂರಲಿ ಅಂತ. ಆಮೇಲೆ ಪಕ್ಕದಿಂದಲೇ ಕೈ ಚಾಚಿ, ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಿದೆ. ಕೊನೆಯ ಬೋಲ್ಟಿಗೆ ಅಪ್ಪ, "ಕೊಡಿಲ್ಲಿ" ಅಂತ ರೆಂಚ್ ಈಸಿಕೊಂಡರು. 'ಕ್ಲಿಕ್' ಅಂದಾಗ ನನ್ನ ಮುಖ ನೋಡಿ ನಕ್ಕರು.

ಮನೆಯಲ್ಲೇ ಮಾಡ್ತೀನಿ ಅನ್ನುವವರಿಗೆ ನನ್ನ ಮಾತು ಇಷ್ಟೇ. ಬಿಚ್ಚಿ ಜೋಡಿಸೋದು ನಿಮ್ಮ ಕೈಯಲ್ಲಿ ಆಗುತ್ತೆ, ಬುಷ್ ಕೂರಿಸೋದನ್ನ ಪ್ರೆಸ್ ಇರುವವರಿಗೆ ಬಿಡಿ. ಬಾಲ್ ಜಾಯಿಂಟೂ ಸಡಿಲವಾಗಿದ್ದರೆ ಇಡೀ ತೋಳನ್ನೇ ಹೊಸದು ಹಾಕಿ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸವನ್ನೇ ಶುರು ಮಾಡಬೇಡಿ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಓಡಿಸಬೇಡಿ. ಮತ್ತೆ, ಕಡೆಯ ಬಿಗಿ ಕಾರು ನೆಲದ ಮೇಲೆ ನಿಂತಾಗಲೇ.

ಈಗ ಭಾನುವಾರ ಫೋನ್ ಮಾಡಿದಾಗ "ಗಾಡಿ ಹೆಂಗಿದೆ" ಅಂತ ಕೇಳಲ್ಲ. "ಏನಾದ್ರೂ ಸದ್ದು ಬರ್ತಿದೆಯಾ ಅಪ್ಪಾ?" ಅಂತೀನಿ. ಮೊದಮೊದಲು "ಏನಿಲ್ಲ" ಅಂತಲೇ ಬರ್ತಿತ್ತು. ಹೋದ ವಾರ ಮಾತ್ರ ಅಪ್ಪ ಒಂದು ಕ್ಷಣ ತಡೆದು ಹೇಳಿದರು:

"ಹಿಂದಗಡೆ ಬಲಕ್ಕೆ ಏನೋ ಕಿರ್ ಅಂತೈತೆ ಕಣೋ. ಯಾವಾಗ ಬರ್ತೀಯ?"